ಮೃಗಶಿರಾದಿಂದ ಮಖೆಯವರೆಗೆ ಕಪ್ಪು ಚಕ್ರ

"ಟಯರಿಗೆ ಏನೂ ಆಗಿಲ್ಲ ಸಾರ್, ಡಿಸ್ಕೇ ಬಿಟ್ಟಿದೆ."

ಕೊಡಗಿನ ಸುಂಟಿಕೊಪ್ಪದ ಪಂಚರ್ ಅಂಗಡಿಯವರು ಸೋಪಿನ ನೀರು ಬಳಿದ ಚಕ್ರವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಡಿಸ್ಕು ಎಂದರೆ ಟಯರ್ ಕೂರುವ ಲೋಹದ ಚಕ್ರ, ರಿಮ್ಮು. ಇದು ಅಲಾಯ್, ಎಂದರೆ ಅಲ್ಯುಮಿನಿಯಂ ಬೆರಕೆಯದು. ಹೊರಗಿನ ಮುಖ ಫಳಫಳ ಹೊಳೆಯುತ್ತಿತ್ತು. ಒಳಗಿನ ಅಂಚಿನಲ್ಲಿ, ಕಾರಿನಡಿ ಮಲಗಿ ನೋಡಿದರಷ್ಟೇ ಕಾಣುವ ಕಡೆ, ತಲೆಗೂದಲಿನಷ್ಟು ತೆಳ್ಳಗೆ ಒಂದು ಗೆರೆ. ಆ ಗೆರೆಯುದ್ದಕ್ಕೂ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತಿದ್ದವು. ಹಿಂದಿನ ರಾತ್ರಿ ಮಾದಾಪುರದ ರಸ್ತೆಯಲ್ಲಿ ಢಬ್ ಎಂದದ್ದು ಇದೇ. ಗಾಡಿ ಭಾವನದು, ಸ್ಟಿಯರಿಂಗ್ ಹಿಡಿದಿದ್ದವನು ನಾನು. ಆಗಸ್ಟಿನ ಮಳೆ, ವೈಪರ್ ಎಷ್ಟು ಬಡಿದರೂ ಸಾಲದು. ಎದುರಿಗೆ ಬಂದ ಲಾರಿಗೆ ಜಾಗ ಬಿಡಲು ಎಡಕ್ಕೆ ಎಳೆದೆ. ನೀರು ತುಂಬಿದ ಗುಂಡಿಯ ಆಳ ಇಳಿದ ಮೇಲೆ ತಾನೆ ಗೊತ್ತಾಗುವುದು. ರಾತ್ರಿ ಮನೆ ಮುಟ್ಟಿದೆವು, ಬೆಳಿಗ್ಗೆ ನೋಡಿದರೆ ಎಡಗಡೆಯ ಮುಂದಿನ ಚಕ್ರ ಕೂತಿತ್ತು.

"ವೆಲ್ಡ್ ಮಾಡಿಸಬಹುದಾ?" ಎಂದು ಕೇಳಿದೆ.

"ಮೈಸೂರಲ್ಲಿ ಮಾಡಿ ಕೊಡೋರು ಇದ್ದಾರೆ. ಮಾಡಿಸ್ಕೊಂಡು ಸಂಪಾಜೆ ಘಾಟಿ ಇಳೀತೀರಾ?"

ಭಾವನೂ ನಾನೂ ಬಾಯಿ ಬಿಡಲಿಲ್ಲ. ಡಿಕ್ಕಿಯಿಂದ ಸ್ಟೆಪ್ನಿ ಇಳಿಯಿತು. ಕಪ್ಪು ಬಣ್ಣ ಹೊಡೆದ ಉಕ್ಕಿನ ಡಿಸ್ಕು, ಮೂರು ವರ್ಷದಿಂದ ಬಿಸಿಲು ಕಂಡಿರಲಿಲ್ಲ. ಷೋರೂಮಿನವರು ಹೊಸ ಅಲಾಯ್ ತರಿಸಿಕೊಡಲು ಒಂಬತ್ತು ದಿನ ತೆಗೆದುಕೊಂಡರು. ಆ ಒಂಬತ್ತು ದಿನವೂ ಭಾವನ ಗಾಡಿ ಮೂರು ಹೊಳೆಯುವ ಕಾಲು, ಒಂದು ಕರಿ ಕಾಲು ಹಾಕಿಕೊಂಡು ಓಡಾಡಿತು. ಬೇರೆ ಬೇರೆ ಅಳತೆಯ ಚಕ್ರದಲ್ಲಿ ಅಷ್ಟು ದಿನ ಓಡಿಸಬಾರದು, ಗೊತ್ತು. ಆದರೆ ಕೊಡಗಿಗೆ ರೈಲಿಲ್ಲ. ಮಳೆಗಾಲದಲ್ಲಿ ತೋಟದ ಮನೆಯಿಂದ ಆಸ್ಪತ್ರೆಗೋ ಬ್ಯಾಂಕಿಗೋ ಹೋಗಬೇಕಾದವರು ಗಾಡಿ ನಿಲ್ಲಿಸಿಕೊಂಡು ಕೂರುವ ಹಾಗಿಲ್ಲ.

ಹನ್ನೊಂದು ವರ್ಷದಿಂದ ನಾನಿರುವುದು ಜರ್ಮನಿಯ ಬವೇರಿಯಾದಲ್ಲಿ. ಅಲ್ಲಿ ನನ್ನ ಕಾರಿಗೂ ಅಲಾಯ್ ಇದೆ, ಉಕ್ಕಿನ ಡಿಸ್ಕೂ ಇದೆ, ನಾಲ್ಕು ನಾಲ್ಕು. ಬೇಸಿಗೆಯಲ್ಲಿ ಅಲಾಯ್, ಚಳಿಗಾಲದಲ್ಲಿ ಉಕ್ಕು. ಇದು ನನ್ನ ಬುದ್ಧಿವಂತಿಕೆಯೇನಲ್ಲ, ಊರವರೆಲ್ಲ ಮಾಡುವುದನ್ನು ನಾನೂ ಮಾಡಿದೆ. ಮಂಜುಗಡ್ಡೆ, ಹಿಮ, ಕೆಸರುಹಿಮ ಇರುವ ರಸ್ತೆಗೆ ಚಳಿಗಾಲದ ಟಯರ್ ಇಲ್ಲದೆ ಇಳಿದರೆ ಅಲ್ಲಿ 60 ಯೂರೊ ದಂಡ, ಲೈಸೆನ್ಸಿನ ಲೆಕ್ಕಕ್ಕೆ ಒಂದು ಕರಿಚುಕ್ಕೆ. ಇಂಥ ತಾರೀಕಿಗೆ ಹಾಕು, ಇಂಥ ತಾರೀಕಿಗೆ ತೆಗೆ ಎಂದು ಕಾನೂನು ಹೇಳುವುದಿಲ್ಲ. ಜನ ತಮಗೆ ತಾವೇ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ: 'ಓ'ಯಿಂದ 'ಓ'ವರೆಗೆ. ಒಕ್ಟೋಬರ್‌ನಿಂದ ಓಸ್ಟರ್ನ್‌ವರೆಗೆ, ಎಂದರೆ ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ. ನಮ್ಮ ಅಜ್ಜಿ ಮಳೆ ನಕ್ಷತ್ರ ಎಣಿಸುತ್ತಿದ್ದ ಹಾಗೆಯೇ ಇದೂ.

ಟಯರನ್ನು ವರ್ಷಕ್ಕೆರಡು ಸಲ ರಿಮ್ಮಿನಿಂದ ಕಿತ್ತು ಹಾಕುವುದಕ್ಕಿಂತ ಚಕ್ರಕ್ಕೆ ಚಕ್ರವನ್ನೇ ಬದಲಿಸುವುದು ಸುಲಭ, ಟಯರಿನ ಅಂಚಿಗೂ ಒಳ್ಳೆಯದು. ಹಾಗಾಗಿ ಎರಡನೇ ಸೆಟ್ ಬೇಕು. ಎರಡನೇ ಸೆಟ್ಟಿಗೆ ದುಡ್ಡು ಸುರಿಯುವುದೇಕೆಂದು ಉಕ್ಕು. ರಸ್ತೆಗೆ ಉಪ್ಪು ಸುರಿಯುವ ನಾಲ್ಕೈದು ತಿಂಗಳು ಕಪ್ಪು ಡಿಸ್ಕು ಪೆಟ್ಟು ತಿನ್ನಲಿ, ಅಲಾಯ್ ಒಳಗೆ ಬೆಚ್ಚಗಿರಲಿ. ಅಲ್ಯುಮಿನಿಯಂ ಚಕ್ರದ ಮೇಲಿನ ಲ್ಯಾಕರ್ ಲೇಪ ಒಂದು ಕಡೆ ಚಕ್ಕೆ ಎದ್ದರೂ ಸಾಕು, ಉಪ್ಪುನೀರು ಒಳಗೆ ನುಸುಳಿ ಬಿಳಿ ಹುಳು ಹರಿದ ಹಾಗೆ ಗೆರೆ ಮೂಡುತ್ತದೆ. ಲೇತಿನಲ್ಲಿ ಮುಖ ಕಡೆದು ಮಿಂಚಿಸಿದ ಡೈಮಂಡ್ ಕಟ್ ಆದರಂತೂ ಕೇಳುವುದೇ ಬೇಡ. ಉಕ್ಕಿಗೆ ತುಕ್ಕು ಹಿಡಿದರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ ಬಣ್ಣ ಹೊಡೆದರಾಯಿತು.

ನಮ್ಮ ಪಕ್ಕದ ಮನೆಯ ಮುದುಕರು ಇದನ್ನು ಒಂದು ವ್ರತದಂತೆ ಮಾಡುತ್ತಾರೆ. ಅಕ್ಟೋಬರಿನ ಒಂದು ಶನಿವಾರ ಜ್ಯಾಕ್, ತಂತಿ ಬ್ರಷ್, ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್ ಸಾಲಾಗಿ ಇಟ್ಟುಕೊಂಡು ಕೂರುತ್ತಾರೆ. ಬಿಚ್ಚಿದ ಅಲಾಯ್ ಒಂದೊಂದರ ಮೇಲೂ ಚಾಕ್‌ಪೀಸಿನಲ್ಲಿ ಮುಂದೆ-ಎಡ, ಹಿಂದೆ-ಬಲ ಎಂದು ಬರೆಯುತ್ತಾರೆ. ಹಬ್ಬಿಗೂ, ಎಂದರೆ ಗಾಡಿಯಲ್ಲಿ ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ಭಾಗಕ್ಕೂ, ಅಲಾಯಿಗೂ ನಡುವೆ ಬೆಳೆದ ಬೂಷ್ಟನ್ನು ಉಜ್ಜಿ ತೆಗೆಯುತ್ತಾರೆ. ಉಕ್ಕಿನ ಹಬ್ಬು, ಅಲ್ಯುಮಿನಿಯಂ ಚಕ್ರ ಎರಡೂ ನೀರಲ್ಲಿ ಕೂಡಿ ಕೂತರೆ ಒಂದನ್ನೊಂದು ಕಚ್ಚಿಕೊಂಡುಬಿಡುತ್ತವೆ, ಆಮೇಲೆ ಬೋಲ್ಟ್ ಬಿಚ್ಚಿದರೂ ಚಕ್ರ ಈಚೆ ಬರುವುದಿಲ್ಲ. ಎಲ್ಲ ಮುಗಿಸಿ ಐವತ್ತು ಕಿಲೋಮೀಟರ್ ಓಡಿಸಿ ಬಂದು ಮತ್ತೆ ಬೋಲ್ಟ್ ಬಿಗಿ ನೋಡುತ್ತಾರೆ. ಮೊದಲ ವರ್ಷ ನನಗೆ ನಗು ಬಂದಿತ್ತು. ಆರನೇ ವರ್ಷ ನನ್ನ ಕೈಯಲ್ಲೂ ಚಾಕ್‌ಪೀಸ್ ಇತ್ತು.

ಸ್ಟೆಪ್ನಿ ಎನ್ನುವ ಮಾತಿನ ಬಗ್ಗೆ ಇಲ್ಲೇ ಒಂದು ಹೇಳಿಬಿಡುತ್ತೇನೆ. ಅದು ವೇಲ್ಸಿನ ಲಾನೆಲಿ ಎಂಬ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಆ ಸ್ಟೆಪ್ನಿ ಬೀದಿಯ ಡೇವಿಸ್ ಸಹೋದರರು ಮೋಟಾರು ಗಾಡಿಗೆ ಹೆಚ್ಚುವರಿ ಚಕ್ರ ಮಾಡಿ ಮಾರತೊಡಗಿದರು, ಬೀದಿಯ ಹೆಸರೇ ಚಕ್ರಕ್ಕೂ ಬಂತು. ಈಗ ಯುರೋಪಿನಲ್ಲಿ ಸ್ಟೆಪ್ನಿ ಎಂದರೆ ಮಿಕಿಮಿಕಿ ನೋಡುತ್ತಾರೆ. ನಮ್ಮ ಸುಂಟಿಕೊಪ್ಪದಲ್ಲಿ ಮಾತ್ರ ಅದು ಅಚ್ಚ ಕನ್ನಡ.

ಆ ಒಂಬತ್ತು ದಿನದಲ್ಲಿ ನಾನು ಮಾಡಿದ ಮತ್ತೊಂದು ಕೆಲಸ, ಎರಡು ಚಕ್ರಗಳನ್ನೂ ಅಕ್ಕನ ಕಾಫಿ ಗೋದಾಮಿನ ತೂಕದ ಯಂತ್ರದ ಮೇಲೆ ಇಟ್ಟದ್ದು. ಹೊಸ ಅಲಾಯ್ ಬಂದ ದಿನ ಟಯರ್ ಹಾಕಿಸಿಕೊಂಡು ನೇರ ಅಲ್ಲಿಗೇ ತಂದೆ. ಅದು ಹದಿನೇಳು ಕಿಲೋ ಮೀರಿತು. ಟಯರ್ ಸಮೇತ ಸ್ಟೆಪ್ನಿ ಹದಿನಾರರ ಆಸುಪಾಸು. ಭಾವ ಯಂತ್ರವನ್ನೇ ಒಮ್ಮೆ ತಟ್ಟಿ ನೋಡಿದರು.

"ಅಲಾಯ್ ಹಗುರ ಅಂತಲ್ವಾ ಮಾರಾಯ ಷೋರೂಮಿನವರು ಹೇಳಿದ್ದು?"

ಹೇಳಿದ್ದರಲ್ಲಿ ಸುಳ್ಳಿಲ್ಲ, ಪೂರ್ತಿ ನಿಜವೂ ಇಲ್ಲ. ಅಲ್ಯುಮಿನಿಯಂನ ತೂಕ ಉಕ್ಕಿನ ಸುಮಾರು ಮೂರನೇ ಒಂದು ಪಾಲು. ಆದರೆ ಅಷ್ಟೇ ಗಟ್ಟಿ ಬರಬೇಕಾದರೆ ದಪ್ಪ ಎರೆಯಬೇಕು. ಒಂದೇ ಅಳತೆಯಲ್ಲಿ ಎರಡನ್ನೂ ತೂಗಿದರೆ ಒಳ್ಳೆಯ ಅಲಾಯ್ ಸ್ವಲ್ಪ ಹಗುರವೇ. ನಮ್ಮ ಕಂಪನಿಗಳು ಮಾಡುವುದು ಬೇರೆ. ಒಂದೇ ಗಾಡಿಯ ಕೆಳಗಿನ ವೇರಿಯಂಟಿಗೆ, ಎಂದರೆ ಅಗ್ಗದ ಮಾದರಿಗೆ, 15 ಇಂಚಿನ ಉಕ್ಕು, ಮೇಲಿನದಕ್ಕೆ 16 ಇಂಚಿನ ಅಲಾಯ್. ಇಂಚು ಹೆಚ್ಚಿದ ಕೂಡಲೇ ಉಳಿಸಿದ ತೂಕ ಮರಳಿ ಬಂದು ಕೂರುತ್ತದೆ.

ಕೊಡಗಿನ ಮಟ್ಟಿಗೆ ತೂಕ ದೊಡ್ಡ ಮಾತಲ್ಲ. ದೊಡ್ಡ ಮಾತು ಆ ಒಂದು ಇಂಚಿನದು. ಭಾವನ ಅಲಾಯಿನ ಟಯರ್ ಮೇಲೆ 195/55 ಆರ್ 16 ಎಂದಿದೆ, ಸ್ಟೆಪ್ನಿ ಮೇಲೆ 185/65 ಆರ್ 15. ಮೊದಲ ಅಂಕಿ ಟಯರಿನ ಅಗಲ, ಮಿಲಿಮೀಟರಿನಲ್ಲಿ; ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕೆ ಎಂದು; ಕೊನೆಯದು ರಿಮ್ಮಿನ ಇಂಚು. ಎರಡರ ಹೊರ ವ್ಯಾಸವೂ ಹೆಚ್ಚುಕಮ್ಮಿ 62 ಸೆಂಟಿಮೀಟರ್, ಪಕ್ಕಪಕ್ಕ ನಿಲ್ಲಿಸಿದರೆ ಎತ್ತರ ಒಂದೇ. ಆದರೆ ರಬ್ಬರಿನ ಪಕ್ಕೆ, ಎಂದರೆ ನೆಲಕ್ಕೂ ರಿಮ್ಮಿನ ಅಂಚಿಗೂ ನಡುವಿನ ದಿಂಬು, ಒಂದರಲ್ಲಿ 107 ಮಿಲಿಮೀಟರ್, ಇನ್ನೊಂದರಲ್ಲಿ 120. ಗುಂಡಿಯ ಚೂಪು ಅಂಚು ಬಡಿದಾಗ ರಬ್ಬರು ಅಮುಕಿ ಅಮುಕಿ ಕೊನೆಗೆ ರಿಮ್ಮಿನ ಅಂಚಿಗೇ ತಾಗುತ್ತದೆ. ಆ ಹದಿಮೂರು ಮಿಲಿಮೀಟರ್ ಉಳಿದಿದ್ದರೆ ಅವತ್ತು ತಾಗುತ್ತಿರಲಿಲ್ಲವೋ ಏನೋ. ಹಾಗಾಗಿ ಅಲಾಯೋ ಉಕ್ಕೋ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಎಷ್ಟು ಇಂಚು, ಪಕ್ಕೆ ಎಷ್ಟು ಎಂದು. 15 ಇಂಚಿನ ದಪ್ಪ ಪಕ್ಕೆಯ ಅಲಾಯ್ ಹಾಕಿಕೊಂಡವನು 17 ಇಂಚಿನ ಯಾವ ಚಕ್ರದವನಿಗಿಂತಲೂ ನೆಮ್ಮದಿಯಾಗಿ ಮಾದಾಪುರ ಮುಟ್ಟುತ್ತಾನೆ.

ಅಷ್ಟಾದ ಮೇಲೆ ಲೋಹದ ಮಾತು. ಉಕ್ಕು ಬಗ್ಗುತ್ತದೆ, ಅಲಾಯ್ ಬಿರಿಯುತ್ತದೆ ಎಂದು ಗ್ಯಾರೇಜಿನವರು ಹೇಳುವುದು ಬಹುಮಟ್ಟಿಗೆ ಸರಿ. ಅಡುಗೆಮನೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಅಮ್ಮನ ಕೈಯಿಂದ ಎರಕದ ಕಬ್ಬಿಣದ ಕಾವಲಿ ಜಾರಿ ಬಿದ್ದರೆ ಎರಡು ಹೋಳು, ತಗಡಿನ ಬಾಣಲೆ ಬಿದ್ದರೆ ಒಂದು ನೆಗ್ಗು. ಉಕ್ಕಿನ ಡಿಸ್ಕು ತಗಡನ್ನು ಒತ್ತಿ, ಸುತ್ತಿ, ಬೆಸೆದು ಮಾಡಿದ್ದು. ಹೆಚ್ಚಿನ ಅಲಾಯ್ ಚಕ್ರಗಳು ಸಿಲಿಕಾನ್ ಬೆರೆತ ಅಲ್ಯುಮಿನಿಯಂ ಕರಗಿಸಿ ಅಚ್ಚಿಗೆ ಎರೆದು ಮಾಡಿದವು, ಆಮೇಲೆ ಕಾಯಿಸಿ, ತಣಿಸಿ, ಹದ ಕೊಟ್ಟವು. ಎರಕ ಹೆಚ್ಚು ಎಳೆತ ತಾಳುವುದಿಲ್ಲ. ಅಲಾಯೂ ಬಗ್ಗುವುದುಂಟು, ಆದರೆ ಬಗ್ಗಿದ್ದನ್ನು ನೆಟ್ಟಗೆ ಮಾಡಲು ಹೋದಾಗ ಬಿರಿಯುವ ಭಯ ಇದ್ದೇ ಇರುತ್ತದೆ. ವೆಲ್ಡ್ ಮಾಡಿದರೆ ಆ ಜಾಗದಲ್ಲಿ ಕೊಟ್ಟಿದ್ದ ಹದವೇ ಹೋಗುತ್ತದೆ. ನೋಡಲು ಗಟ್ಟಿ, ಒಳಗೆ ಮೆತ್ತಗೆ. ಜರ್ಮನಿಯಲ್ಲಿ ಅಲಾಯಿನ ಮೇಲ್ಮೈ ಗೀರು ತಿಕ್ಕಿ ಬಣ್ಣ ಹೊಡೆಸಿಕೊಳ್ಳಬಹುದು. ಬೆಂಡ್ ತೆಗೆಸಿದ, ವೆಲ್ಡ್ ಮಾಡಿಸಿದ ಚಕ್ರವನ್ನು ಗಾಡಿ ತಪಾಸಣೆಯವರು ಒಪ್ಪುವುದಿಲ್ಲ. ಇಲ್ಲಿ ತಪಾಸಣೆಯವರ ಬದಲು ಪಂಚರ್ ಅಂಗಡಿಯವರ ಒಂದು ಪ್ರಶ್ನೆ ಇತ್ತು, ಅದೇ ಕೆಲಸ ಮಾಡಿತು.

ಸ್ಟೆಪ್ನಿಯ ಡಿಸ್ಕೂ ಪೆಟ್ಟು ತಿನ್ನದೆ ಇರಲಿಲ್ಲ. ನಾಲ್ಕನೇ ದಿನ ಹಟ್ಟಿಹೊಳೆಯ ಕಡೆ ಹೋಗಿ ಬರುವಾಗ ಅಂಚು ಒಂದು ಕಡೆ ಒಳಗೆ ಹೋಯಿತು. ಅದೇ ಅಂಗಡಿಯವರು ಟಯರ್ ಬಿಚ್ಚಿ, ಡಿಸ್ಕನ್ನು ಮರದ ತುಂಡಿನ ಮೇಲೆ ಮಲಗಿಸಿ, ಸುತ್ತಿಗೆಯಲ್ಲಿ ಏಳೆಂಟು ಏಟು ಕೊಟ್ಟರು. ಒಂದೊಂದು ಏಟಿಗೂ ತಲೆ ಓರೆ ಮಾಡಿ ಅಂಚು ನೋಡುವುದು, ಮತ್ತೆ ಹೊಡೆಯುವುದು. ಸೋಪಿನ ನೀರು ಬಳಿದರು, ಗುಳ್ಳೆ ಇಲ್ಲ. ಚಹಾ ಕುಡಿದು ಮುಗಿಸುವುದರೊಳಗೆ ಗಾಡಿ ಸಿದ್ಧ. ಈ ಸುತ್ತಿಗೆ ರಿಪೇರಿಯನ್ನೂ ಆ ಪಕ್ಕದ ಮನೆಯ ಮುದುಕರು ಒಪ್ಪಲಿಕ್ಕಿಲ್ಲ, ನಾನೂ ಅದರಲ್ಲೇ ನೂರರ ವೇಗದಲ್ಲಿ ಮೈಸೂರಿಗೆ ಹೋಗೆಂದು ಹೇಳುವುದಿಲ್ಲ. ಆದರೆ ಮಳೆಯಲ್ಲಿ ಮನೆ ಸೇರಿಸುವ ರಿಪೇರಿ ಯಾವುದು ಎಂದರೆ ಅದು. ಅಲಾಯ್ ಬಿರಿದರೆ ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್.

ಒಂದು ತಮಾಷೆ ಗಮನಿಸಿದೆ. ಜರ್ಮನಿಯಲ್ಲಿ ಬೀದಿಬದಿ ನಿಂತ ಕಾರುಗಳ ಅಲಾಯ್ ನೋಡಿದರೆ ಗೀರು ಬಿದ್ದಿರುವುದು ಹೆಚ್ಚಾಗಿ ಬಲಗಡೆ. ಅಲ್ಲಿ ಬಲಕ್ಕೆ ಓಡಿಸುತ್ತಾರೆ, ಬಲಕ್ಕೆ ನಿಲ್ಲಿಸುತ್ತಾರೆ, ಫುಟ್‌ಪಾತಿನ ಕಲ್ಲಿಗೆ ಉಜ್ಜುತ್ತಾರೆ. ನಮ್ಮಲ್ಲಿ ಪೆಟ್ಟು ಎಡಗಡೆ. ಕೊಡಗಿನ ರಸ್ತೆ ಬಹಳ ಕಡೆ ಒಂದೂವರೆ ಗಾಡಿಯ ಅಗಲ. ಎದುರಿಗೆ ಬಸ್ಸು ಬಂದರೆ ಎಡಗಡೆಯ ಎರಡು ಚಕ್ರ ಟಾರಿನಿಂದ ಮಣ್ಣಿಗೆ ಇಳಿಯಲೇಬೇಕು. ಮಳೆಗೆ ಮಣ್ಣು ಕೊಚ್ಚಿ ಹೋಗಿ ಟಾರಿನ ಅಂಚು ಗೇಣೆತ್ತರ ನಿಂತಿರುತ್ತದೆ. ಬಸ್ಸು ದಾಟಿದ ಮೇಲೆ ಮತ್ತೆ ಮೇಲೇರುವಾಗ ಆ ಅಂಚು ಟಯರಿನ ಪಕ್ಕೆ, ರಿಮ್ಮಿನ ಮುಖ ಎರಡನ್ನೂ ಕೆರೆದು ಬಿಡುತ್ತದೆ. ಅಕ್ಕನ ಮನೆಯ ಸುತ್ತಮುತ್ತ ನಾಲ್ಕಾರು ಅಲಾಯ್ ಗಾಡಿಗಳನ್ನು ಸುತ್ತು ಹಾಕಿ ನೋಡಿದೆ. ಬಲಗಡೆ ಮದುಮಗ, ಎಡಗಡೆ ಕುಸ್ತಿ ಮುಗಿಸಿ ಬಂದ ಪೈಲ್ವಾನ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ತಲೆ ಕೊರೆಯುತ್ತಿದ್ದ ಪ್ರಶ್ನೆ ಒಂದೇ. ಜರ್ಮನಿಯವರಿಗೆ ಚಳಿಗಾಲ ಹೇಗೋ ಹಾಗೆ ನಮಗೆ ಮಳೆಗಾಲ. ರಸ್ತೆ ರಸ್ತೆಯಾಗಿ ಉಳಿಯದ ನಾಲ್ಕು ತಿಂಗಳು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ಜೋಡುಪಾಲದ ಕಡೆಯ ಹೆದ್ದಾರಿಯೇ ಕಡಿದು ಹೋಗಿತ್ತು, ನಮ್ಮ ಹಟ್ಟಿಹೊಳೆ, ಮಕ್ಕಂದೂರು ಕಡೆಯ ರಸ್ತೆಗಳ ಪಾಡು ಹೇಳತೀರದು. ಅಂಥ ವರ್ಷ ಬಿಡಿ, ಸಾಧಾರಣ ವರ್ಷದಲ್ಲೂ ಜುಲೈ ಮುಗಿಯುವುದರೊಳಗೆ ಟಾರು ಜರಡಿ. ಆ ಕಾಲಕ್ಕೆಂದು ನಾವು ಮನೆಯ ಮಾಡಿಗೆ ಹಂಚು ಸರಿ ಮಾಡಿಸುತ್ತೇವೆ, ಸೌದೆ ಒಳಗಿಡುತ್ತೇವೆ, ಹಪ್ಪಳ ಸಂಡಿಗೆ ಡಬ್ಬಿಗೆ ತುಂಬುತ್ತೇವೆ, ದನಕ್ಕೆ ಹುಲ್ಲು ಪೇರಿಸುತ್ತೇವೆ. ಗಾಡಿಯ ಕಾಲು ಮಾತ್ರ ಬೇಸಿಗೆಯದೇ. ಹೊಳೆಯುವ ಅಲಾಯನ್ನು ಗುಂಡಿಗೆ ಇಳಿಸಿ, ಗುಂಡಿಗೆಂದೇ ಹುಟ್ಟಿದ ಉಕ್ಕನ್ನು ಡಿಕ್ಕಿಯ ಕಂಬಳಿಯಡಿ ಮಲಗಿಸಿ ಜೋಪಾನ ಮಾಡುತ್ತೇವೆ!

ಭಾವನಿಗೆ ಹೇಳಿದೆ: "ಅವರದು ಓಯಿಂದ ಓವರೆಗೆ. ನಮ್ಮದು 'ಮ'ಯಿಂದ 'ಮ'ವರೆಗೆ ಮಾಡಿ ಭಾವ. ಮೃಗಶಿರಾ ಮಳೆಯಿಂದ ಮಖೆ ಮಳೆಯವರೆಗೆ ಉಕ್ಕು. ಜೂನ್ ಮೊದಲ ವಾರ ಹಾಕಿ, ಮಖೆ ಮುಗಿದು ಕೈಲ್‌ಮುಹೂರ್ತದ ಹಬ್ಬದ ಹೊತ್ತಿಗೆ ಬಿಚ್ಚಿ."

ಭಾವ ನಕ್ಕರು. ಆಮೇಲೆ ಅವರು ಒಂದೊಂದಾಗಿ ಹೇಳಿದ್ದರಲ್ಲಿ ಕೆಲವಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. "ಎರಡು ಸೆಟ್ ಟಯರ್ ಯಾವಾಗ ಸವೆಸುವುದು? ನಾನು ವರ್ಷಕ್ಕೆ ಓಡಿಸುವುದೇ ಎಂಟು ಸಾವಿರ ಕಿಲೋಮೀಟರ್." ನಿಜ. ಟಯರ್ ಸವೆಯದೆಯೂ ಹಳತಾಗುತ್ತದೆ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದಲ್ಲ, ಮೊದಲೆರಡು ವಾರ, ಕೊನೆಯೆರಡು ವರ್ಷ, ಅದು ಸುಮ್ಮನೆ ಬರೆದದ್ದಲ್ಲ. ರಬ್ಬರು ಗಟ್ಟಿಯಾದ ಮೇಲೆ ಗೆರೆ ಎಷ್ಟೇ ಆಳ ಇದ್ದರೂ ಒದ್ದೆ ರಸ್ತೆ ಹಿಡಿಯುವುದಿಲ್ಲ. ಕಡಿಮೆ ಓಡಿಸುವವರ ಮನೆಯಲ್ಲಿ ಎರಡು ಸೆಟ್ ಎಂದರೆ ಎರಡೂ ಮುದಿಯಾಗಿ ಸಾಯುತ್ತವೆ. ಜರ್ಮನಿಯಲ್ಲಿ ಚಳಿಗಾಲದ ಟಯರಿನ ರಬ್ಬರೇ ಬೇರೆ, ಚಳಿಗೆ ಮೆತ್ತಗಿರುವಂಥದ್ದು, ಹಾಗಾಗಿ ಎರಡು ಸೆಟ್ಟಿಗೆ ಅರ್ಥ ಇದೆ. ನಮಗೆ ಬೇರೆ ಬಗೆಯ ರಬ್ಬರು ಬೇಕಿಲ್ಲ, ರಿಮ್ಮು ಬೇರೆ ಸಾಕು. ಆದರೆ ರಿಮ್ಮಿನ ಇಂಚು ಬೇರೆಯಾದರೆ ಟಯರೂ ಬೇರೆ ಹಾಕಲೇಬೇಕು.

"ಘಾಟಿ ಇಳಿಯುವಾಗ ಬ್ರೇಕಿಗೆ ಗಾಳಿ ಆಡಬೇಡವೇ?" ಎಂದೂ ಕೇಳಿದರು. ಅಲಾಯಿನ ಕಡ್ಡಿಗಳ ನಡುವೆ ಗಾಳಿ ಚೆನ್ನಾಗಿ ನುಗ್ಗುತ್ತದೆ, ಅಲ್ಯುಮಿನಿಯಂ ಬಿಸಿಯನ್ನೂ ಬೇಗ ಬಿಟ್ಟುಕೊಡುತ್ತದೆ. ಇದನ್ನು ಒಪ್ಪಿದೆ. ಆದರೆ ಸಂಪಾಜೆ ಘಾಟಿಯನ್ನು ಎರಡನೇ ಗೇರಿನಲ್ಲಿ ಇಳಿಯುವವನ ಬ್ರೇಕು ಯಾವ ಚಕ್ರದಲ್ಲೂ ಕಾಯುವುದಿಲ್ಲ, ನ್ಯೂಟ್ರಲ್ಲಿಗೆ ಹಾಕಿ ಡೀಸೆಲ್ ಉಳಿಸುವ ಮಹಾನುಭಾವನ ಬ್ರೇಕನ್ನು ಯಾವ ಅಲಾಯೂ ಕಾಪಾಡುವುದಿಲ್ಲ. ಭಾವ ಎರಡನೇ ಜಾತಿಯವರಲ್ಲ, ಆದರೂ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಅಕ್ಕ ಒಳಗಿಂದಲೇ ಸೇರಿಸಿದಳು: "ಕರಿ ಚಕ್ರ ಹಾಕ್ಕೊಂಡು ಮದುವೆಗೆ ಹೋಗ್ಲಿಕ್ಕೆ ನಿನ್ನ ಭಾವ ಒಪ್ತಾರಾ ಕೇಳು." ಅದಕ್ಕೆ ಪ್ಲಾಸ್ಟಿಕ್ ವೀಲ್ ಕ್ಯಾಪ್ ಇದೆಯಲ್ಲ ಎಂದೆ. ಮೂವರೂ ನಕ್ಕೆವು. ಕೊಡಗಿನ ಮಳೆಗಾಲದ ರಸ್ತೆಬದಿಯಲ್ಲಿ ಮೈಲಿಗಲ್ಲಿಗೊಂದು ವೀಲ್ ಕ್ಯಾಪ್ ಒರಗಿರುತ್ತದೆ, ಯಾರೋ ಪುಣ್ಯಾತ್ಮರು ಹೆಕ್ಕಿ ಇಟ್ಟದ್ದು. ಕೇಬಲ್ ಟೈ ಹಾಕಿ ಬಿಗಿಯದಿದ್ದರೆ ಮೊದಲ ಗುಂಡಿಗೇ ಹಾರುತ್ತದೆ. ಜರ್ಮನಿಯಲ್ಲಿ ಚಳಿಗಾಲದ ಕಪ್ಪು ಡಿಸ್ಕಿಗೆ ಬಹಳ ಜನ ಕ್ಯಾಪೇ ಹಾಕುವುದಿಲ್ಲ, ನೋಡುವವರೂ ಏನೂ ಅನ್ನುವುದಿಲ್ಲ. ಅಲ್ಲಿ ಕರಿ ಚಕ್ರ ಎಂದರೆ ಚಳಿಗಾಲ ಬಂತು ಎಂದು ಅರ್ಥ, ಇಲ್ಲಿ ಕೆಳಗಿನ ವೇರಿಯಂಟ್ ಎಂದು ಅರ್ಥ. ಇದಕ್ಕೆ ಲೋಹಶಾಸ್ತ್ರದಲ್ಲಿ ಮದ್ದಿಲ್ಲ.

ಜರ್ಮನಿಯದೆಲ್ಲ ಸರಿ, ನಮ್ಮದೆಲ್ಲ ತಪ್ಪು ಎಂದು ಹೊರನಾಡಿನವನು ವರ್ಷಕ್ಕೊಮ್ಮೆ ಬಂದು ಹೇಳುವ ಮಾತು ಊರಲ್ಲಿ ಯಾರಿಗೂ ರುಚಿಸುವುದಿಲ್ಲ, ಹೇಳಿದವನಿಗೂ ವಾಪಸು ವಿಮಾನ ಹತ್ತಿದ ಮೇಲೆ ರುಚಿಸುವುದಿಲ್ಲ. ಅಲ್ಲಿನ ಶಿಸ್ತಿನ ಹಿಂದೆ ದಂಡ ಇದೆ, ಗಾಡಿಯ ಕಾಗದದಲ್ಲಿ ಯಾವ ಅಳತೆಯ ಚಕ್ರ ಎಂಬ ಲೆಕ್ಕ ಇದೆ, ಒಪ್ಪಿಗೆ ಇಲ್ಲದ ಚಕ್ರ ಹಾಕಿಸಿದರೆ ಗಾಡಿಯ ಪರವಾನಗಿಯೇ ಹೋಗುವ ಭಯ ಇದೆ. 2014ರ ನವೆಂಬರಿನಿಂದ ಯುರೋಪಿನ ಹೊಸ ಕಾರಿಗೆಲ್ಲ ಟಯರ್ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾದ ಮೇಲೆ, ಕೆಲವು ಗಾಡಿಗಳಲ್ಲಿ ಎರಡನೇ ಸೆಟ್ಟಿನ ಒಂದೊಂದು ಚಕ್ರಕ್ಕೂ ಬೇರೆ ಸೆನ್ಸರ್ ಕೊಳ್ಳಬೇಕು. ಅಗ್ಗದ ಉಕ್ಕು ಅಷ್ಟೇನೂ ಅಗ್ಗವಾಗಿ ಉಳಿದಿಲ್ಲ. ಫ್ಲ್ಯಾಟಿನಲ್ಲಿರುವವರಿಗೆ ಬಿಚ್ಚಿದ ಚಕ್ರ ಇಡಲು ಜಾಗವೂ ಇಲ್ಲ. ಅದಕ್ಕೆಂದೇ ಟಯರ್ ಅಂಗಡಿಯವರು ಗೋದಾಮು ಇಟ್ಟು, ಸೀಸನ್ನಿಗೆ ಇಷ್ಟು ಎಂದು ಬಾಡಿಗೆ ತೆಗೆದುಕೊಂಡು ನಮ್ಮ ಚಕ್ರಗಳನ್ನು ಕಪಾಟಿನಲ್ಲಿ ಮಲಗಿಸುತ್ತಾರೆ. ಅದರ ಹೆಸರು ಟಯರ್ ಹೋಟೆಲ್! ಮೊದಲ ಮೂರು ವರ್ಷ ನನ್ನ ಚಕ್ರಗಳೂ ಹೋಟೆಲಿನಲ್ಲಿ ತಂಗಿದ್ದವು.

ಅಕ್ಕನ ಮನೆಯಲ್ಲಿ ಅಟ್ಟ ಇದೆ, ಕಾಫಿ ಗೋದಾಮು ಇದೆ. ಜನವರಿಯಿಂದ ಮಾರ್ಚಿವರೆಗೆ ರೊಬಸ್ಟಾ ಮೂಟೆ ತುಂಬಿ ಕಾಲಿಡಲು ಜಾಗ ಇರುವುದಿಲ್ಲ, ಜೂನಿನ ಹೊತ್ತಿಗೆ ಅದು ಖಾಲಿ. ನಾಲ್ಕು ಅಲಾಯ್ ಮಲಗಿಸಲು ಅದಕ್ಕಿಂತ ಒಳ್ಳೆಯ ಹೋಟೆಲ್ ಯಾವುದು? ಜಾಗ ಇಲ್ಲದವರು ಬಾಡಿಗೆ ಕೊಟ್ಟು ಚಕ್ರ ಇಡುತ್ತಾರೆ, ಜಾಗ ಇರುವ ನಾವು ಇಡುವುದಿಲ್ಲ.

ದುಡ್ಡಿನ ಲೆಕ್ಕ ಬೇಗ ಮುಗಿಯಿತು. ಆ ಒಂದು ಹೊಸ ಅಲಾಯಿಗೆ ನಾನು ತೆತ್ತ ಹಣದಲ್ಲಿ (ಭಾವ ಬೇಡವೆಂದರೂ ತೆತ್ತೆ, ಗುಂಡಿಗೆ ಇಳಿಸಿದವನು ನಾನೇ) ಮೂರು ಉಕ್ಕಿನ ಡಿಸ್ಕು ಬಂದು ಚಿಲ್ಲರೆ ಉಳಿಯುತ್ತಿತ್ತು. ಅದೂ ಹಳೆಯದಲ್ಲ. ಹೊಸ ಗಾಡಿ ತೆಗೆದುಕೊಂಡ ವಾರಕ್ಕೇ ಹೊರಗಿನ ಅಲಾಯ್ ಹಾಕಿಸುವ ಹುಡುಗರು ಕಂಪನಿಯ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಹೋಗುತ್ತಾರೆ. ಕುಶಾಲನಗರ, ಮೈಸೂರಿನ ಟಯರ್ ಅಂಗಡಿಗಳ ಹಿಂಬದಿಯಲ್ಲಿ ಹೊಚ್ಚ ಹೊಸ ಕಪ್ಪು ಡಿಸ್ಕುಗಳು ಇಡ್ಲಿ ತಟ್ಟೆಯಂತೆ ಪೇರಿಸಿರುತ್ತವೆ. ಒಬ್ಬ ಶೋಕಿಗೆ ಬಿಟ್ಟದ್ದು ಇನ್ನೊಬ್ಬನ ಮಳೆಗಾಲಕ್ಕೆ ಒದಗುತ್ತದೆ. ಬೋಲ್ಟಿನ ಅಂತರ, ನಡುವಿನ ತೂತಿನ ಅಳತೆ, ನಟ್ಟಿನ ಇಳಿಜಾರು ಮೂರೂ ಕೂಡಬೇಕು. ಅದೇ ಮಾಡೆಲಿನ ಡಿಸ್ಕು ಹುಡುಕಿದರೆ ಆ ತಲೆನೋವಿಲ್ಲ. ಆ ಹೊರಗಿನ ಅಲಾಯ್ ಹಾಕಿಸುವ ಹುಡುಗರ ಗಾಡಿಯಲ್ಲಿ ತಲೆನೋವು ಇರುವುದು ಅಲ್ಲೇ, ಅಂದ ನೋಡಿ ಕೊಂಡ ಚಕ್ರದ ತೂತು ಹಬ್ಬಿಗಿಂತ ದೊಡ್ಡದಿದ್ದು, ಎಂಬತ್ತು ದಾಟಿದರೆ ಸ್ಟಿಯರಿಂಗ್ ನಡುಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ತೋಟದ ರಸ್ತೆಯಲ್ಲೇ ದಿನ ಕಳೆಯುವ ಮನೆಗೆ ಹೊಸ ಗಾಡಿ ತೆಗೆದುಕೊಳ್ಳುವಾಗ ಉಕ್ಕಿನ 15 ಇಂಚಿನದೇ ಸಾಕು, ಉಳಿದ ಹಣ ಒಳ್ಳೆಯ ಟಯರಿಗೆ ಹಾಕಿ. ಮಡಿಕೇರಿ, ಕುಶಾಲನಗರ ಪೇಟೆಯೊಳಗೆ ಇದ್ದು ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಕಂಪನಿಯೇ ಕೊಟ್ಟ ಅಲಾಯ್ ಚೆನ್ನಾಗಿಯೇ ಇದೆ, ಬಿಸಾಡಬೇಕಿಲ್ಲ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳ ಚಕ್ರ ಒಮ್ಮೆ ನೋಡಿ. ಆ ದಾರಿಯಲ್ಲಿ ಹೊಟ್ಟೆಪಾಡು ಮಾಡುವವರು ಏನು ಹಾಕಿಕೊಂಡಿದ್ದಾರೆ ಎಂಬುದು ಯಾವ ಷೋರೂಮಿನ ಪುಸ್ತಕದಲ್ಲೂ ಇಲ್ಲ. ಸುರಕ್ಷತೆಯ ಸಾಮಾನಿಗೆಂದು ಮೇಲಿನ ವೇರಿಯಂಟ್ ತೆಗೆದುಕೊಂಡು ಜೊತೆಗೆ 16 ಇಂಚಿನ ಅಲಾಯನ್ನೂ ಕಟ್ಟಿಸಿಕೊಂಡ ನಮ್ಮ ಭಾವನಂಥವರಿಗೆ ಮಾತ್ರ ಈ 'ಮ'ಯಿಂದ 'ಮ'ವರೆಗಿನ ಲೆಕ್ಕ.

ನಾನು ವಾಪಸು ಹೊರಡುವ ದಿನದವರೆಗೂ ಭಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮುಂದಿನ ಜೂನಿನಲ್ಲಿ ಫೋನಿಗೆ ಎರಡು ಫೋಟೊ ಬಂದವು. ಒಂದರಲ್ಲಿ ಅಂಗಳದ ಕೆಸರಲ್ಲಿ ನಿಂತ ಗಾಡಿ, ನಾಲ್ಕೂ ಕಾಲು ಕಪ್ಪು, ವೀಲ್ ಕ್ಯಾಪ್ ಇಲ್ಲ. ಮೂರು ಡಿಸ್ಕು ಮೈಸೂರಿನ ಅಂಗಡಿಯ ಹಿಂಬದಿಯವು, ನಾಲ್ಕನೆಯದು ಸುತ್ತಿಗೆ ಏಟು ತಿಂದ ಅದೇ ಸ್ಟೆಪ್ನಿಯಂತೆ, ಅದನ್ನು ಹಿಂದಕ್ಕೆ ಹಾಕಿಸಿದ್ದಾರಂತೆ. ಇನ್ನೊಂದರಲ್ಲಿ ತೆರೆದ ಡಿಕ್ಕಿ. ನಾಲ್ಕು ಅಲಾಯಿನಲ್ಲಿ ಮೂರು ಗೋದಾಮಿನಲ್ಲಿ ಮಲಗಿವೆ. ಉಳಿದ ಒಂದು, ನಾನು ಹಣ ಕೊಟ್ಟದ್ದೇ, ಸ್ಟೆಪ್ನಿಯ ಗುಂಡಿಯಲ್ಲಿ ಮುಖ ಮೇಲೆ ಮಾಡಿ ಹೊಳೆಯುತ್ತಿತ್ತು. ಅದರ ಮೇಲೆ ಅರ್ಧ ಮೂಟೆ ಕರಿಮೆಣಸು. ಕೆಳಗೆ ಭಾವ ಬರೆದಿದ್ದರು: "ಆಯುಧಪೂಜೆಗೆ ಅಲಾಯೇ. ಅದರಲ್ಲಿ ಮಾತಿಲ್ಲ."